ಒಂದು ಇಂಚಿನ ಡಿಸ್ಕಿನೊಳಗೆ ಹನ್ನೊಂದು ಗಂಟೆ ತಾಳಮದ್ದಳೆ

ಹಾಡು ಕೇಳೋದಕ್ಕೆ ಅಂತಲೇ ಬೇರೆ ಒಂದು ಯಂತ್ರ ಇಟ್ಟುಕೊಳ್ಳುವ ಕಾಲ ಮುಗಿದಿದೆ. ನಮ್ಮ ಮೇಜಿನ ಮೇಲಿದ್ದ ಐಪಾಡ್ ಮಿನಿ ನೋಡಿ ಫಸ್ಟ್ ಇಯರ್ ಹುಡುಗನೊಬ್ಬ "ಅಣ್ಣಾ, ಇದು ಶುಗರ್ ಚೆಕ್ ಮಾಡೋದಾ?" ಅಂತ ಕೇಳಿದ. ಅವನದೇನೂ ತಪ್ಪಿಲ್ಲ ಬಿಡಿ. ಇದು ಮಾರುಕಟ್ಟೆಗೆ ಬಂದದ್ದು 2004ರ ಆರಂಭದಲ್ಲಿ, ಆಗ ಅವನಿನ್ನೂ ಹುಟ್ಟಿರಲಿಲ್ಲ. 2005ರ ಸೆಪ್ಟೆಂಬರಿನಲ್ಲಿ ನ್ಯಾನೋ ಬಂತು, ಮಿನಿ ನಿಂತಿತು. 2022ರ ಮೇ ತಿಂಗಳಲ್ಲಿ ಆ್ಯಪಲ್‌ನವರು ಐಪಾಡ್ ಅನ್ನೋ ಹೆಸರಿಗೇ ಮಂಗಳ ಹಾಡಿದರು.

ನಾವು ಅಂದರೆ ಒಂದೇ ರೂಮಿನ ಮೂರು ಜನ: ಪುತ್ತೂರಿನ ಮೆಕ್ಯಾನಿಕಲ್, ಧಾರವಾಡದ ಇಸಿ, ಮಂಡ್ಯದ ಸಿಎಸ್. ಈ ಮಿನಿ ಪುತ್ತೂರಿನವನ ಮಾವನದು. 2004ರಲ್ಲಿ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದಾಗ ಕೊಂಡದ್ದು. ಮರುವರ್ಷ ರಜೆಗೆ ಊರಿಗೆ ಬಂದವರು ಒಂದು ಪುಣ್ಯದ ಕೆಲಸ ಮಾಡಿದ್ದರು. ಅವರ ಅಪ್ಪ, ಅಂದರೆ ನಮ್ಮವನ ಅಜ್ಜ, ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಮನೆಯ ತಗಡಿನ ಡಬ್ಬಿಯಲ್ಲಿ ಅವರ ಕ್ಯಾಸೆಟ್ಟುಗಳಿದ್ದವು. ಮಾವ ಟೇಪ್‌ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದು, ರಾತ್ರಿಯೆಲ್ಲಾ ಕೂತು, ಹನ್ನೊಂದು ಗಂಟೆಯಷ್ಟನ್ನು ಎಂಪಿ3 ಮಾಡಿ ಐಪಾಡಿಗೆ ಹಾಕಿಕೊಂಡರು. ಅಲ್ಲಿ ಕಾರಿನಲ್ಲಿ ಆಫೀಸಿಗೆ ಹೋಗುತ್ತಾ ಕೇಳುತ್ತಿದ್ದರಂತೆ. ಆಮೇಲೆ ಆ ಲ್ಯಾಪ್‌ಟಾಪ್ ಹೋಯಿತು. ಡಬ್ಬಿಯಲ್ಲಿದ್ದ ಕ್ಯಾಸೆಟ್ಟುಗಳಿಗೆ ಮಳೆಗಾಲದಲ್ಲಿ ಬೂಸಲು ಹಿಡಿಯಿತು. ಅಜ್ಜ ತೀರಿಕೊಂಡರು. ಇನ್ನೊಂದು ರಜೆಯಲ್ಲಿ ಮಾವ ಊರಲ್ಲೇ ಬಿಟ್ಟು ಹೋದ ಈ ಐಪಾಡ್ ಕಪಾಟಿನಲ್ಲಿ ಉಳಿಯಿತು. ಅಜ್ಜನ ದನಿಯ ಪ್ರತಿ ಅಂತ ಇದ್ದದ್ದು ಇದೊಂದೇ.

ಘಟ್ಟದ ಮೇಲಿನವರಿಗೆ ಒಂದು ಮಾತು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ಇರುತ್ತದೆ, ಅರ್ಥಧಾರಿಗಳು ಪಂಚೆ ಶಲ್ಯದಲ್ಲಿ ಎದುರುಬದುರು ಕೂತು ಪಾತ್ರವಾಗಿ ಮಾತಾಡುತ್ತಾರೆ. ಪದ್ಯಗಳು ಪ್ರಸಂಗದ ಪುಸ್ತಕದಲ್ಲಿವೆ. ಮಾತು ಮಾತ್ರ ಎಲ್ಲೂ ಬರೆದಿಲ್ಲ, ಆ ಕ್ಷಣಕ್ಕೆ ಹುಟ್ಟುವಂಥದ್ದು. ರಾಮ ಎದುರಿಗೆ ಏನು ಹೇಳಿದ ಅನ್ನೋದರ ಮೇಲೆ ವಾಲಿ ಏನು ಕೇಳುತ್ತಾನೆ ಅನ್ನೋದು ನಿಂತಿರುತ್ತದೆ. ಹಾಗಾಗಿ ಇವತ್ತಿನ ವಾಲಿವಧೆ ನಾಳೆಯ ವಾಲಿವಧೆ ಅಲ್ಲ. ರೆಕಾರ್ಡಿಂಗ್ ಹೋಯಿತು ಅಂದರೆ ಆ ಮಾತೇ ಹೋಯಿತು. ಮಂಡ್ಯದವನು ಇದನ್ನು ಕೇಳಿ "ಅಂದ್ರೆ ಸೋರ್ಸ್ ಕೋಡೇ ಇಲ್ಲ, ಬರೀ ಔಟ್‌ಪುಟ್ ಮಾತ್ರ" ಅಂದ. ಸರಿಯಾಗೇ ಹೇಳಿದ.

ಐಪಾಡ್ ಆನ್ ಮಾಡಿದರೆ ಪರದೆಯ ಮೇಲೆ ಸಪ್ಪೆ ಮೋರೆಯ ಐಪಾಡ್ ಚಿತ್ರ ಬರುತ್ತಿತ್ತು, ಒಳಗಿನಿಂದ ಟಿಕ್, ಟಿಕ್ ಸದ್ದು. ನಗರದ ಒಂದು ರಿಪೇರಿ ಅಂಗಡಿಯಲ್ಲಿ ತೋರಿಸಿದೆವು. "ಸ್ಪೇರ್ ಬರಲ್ಲ, ಬೇಕಾದ್ರೆ ಬೇರೆ ಕಾರ್ಡ್ ಹಾಕಿ ಓಡಿಸಿ ಕೊಡ್ತೀವಿ, ಒಳಗಿರೋದು ಮರೆತುಬಿಡಿ" ಅಂದರು. ಒಳಗಿರೋದನ್ನು ಮರೆಯೋ ಹಾಗಿದ್ದರೆ ನಾವು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಆಗಲೇ ನಿರ್ಧಾರ ಮಾಡಿದ್ದು: ಮೊದಲು ನಕಲು, ಆಮೇಲೆ ರಿಪೇರಿ. ಯಂತ್ರ ಸತ್ತರೂ ಪರವಾಗಿಲ್ಲ, ಡಿಸ್ಕಿನಲ್ಲಿರೋದು ಹೊರಗೆ ಬರಬೇಕು.

ಬಿಚ್ಚದೆಯೇ ಒಂದು ಸಲ ನೋಡೋಣ ಅಂತ ಡಿಸ್ಕ್ ಮೋಡ್ ಪ್ರಯತ್ನಿಸಿದೆವು. ಮೆನು ಮತ್ತು ನಡುವಿನ ಗುಂಡಿ ಒಟ್ಟಿಗೆ ಒತ್ತಿ ಹಿಡಿದು ರೀಸೆಟ್, ಆದ ತಕ್ಷಣ ನಡುವಿನ ಗುಂಡಿ ಮತ್ತು ಪ್ಲೇ. ಆಗ ಅದು ಪೆನ್‌ಡ್ರೈವ್ ಥರ ಕಂಪ್ಯೂಟರಿಗೆ ಕಾಣಿಸಬೇಕು. ಕಾಣಿಸಿತು ಕೂಡ. ಆದರೆ ಬ್ಯಾಟರಿ ಪೂರ್ತಿ ಸತ್ತಿತ್ತು. ಡಿಸ್ಕ್ ತಿರುಗಲು ಶುರು ಮಾಡುವಾಗ ಎಳೆಯುವ ಕರೆಂಟಿಗೆ ವೋಲ್ಟೇಜ್ ಕುಸಿದು ಎಲ್ಲ ರೀಸೆಟ್ ಆಗುತ್ತಿತ್ತು. ಹೀಗೆ ಮೂರು ಸಲ ಆಯಿತು. ಸಾಯ್ತಾ ಇರೋ ಡಿಸ್ಕನ್ನು ಹೀಗೆ ನಿಲ್ಲಿಸಿ ಎಬ್ಬಿಸಿ ಮಾಡೋದು ಅದನ್ನು ಬೇಗ ಕೊಲ್ಲೋದಕ್ಕೆ ದಾರಿ. ಬಿಚ್ಚಲೇಬೇಕು ಅಂತಾಯಿತು.

ಮಿನಿಯ ಮೈ ಒಂದೇ ಅಲ್ಯೂಮಿನಿಯಂ ಕೊಳವೆ. ಮೇಲೆ ಕೆಳಗೆ ಬಿಳಿ ಪ್ಲಾಸ್ಟಿಕ್ ಮುಚ್ಚಳ, ಎರಡಕ್ಕೂ ಗೋಂದು. ಇಸಿ ಲ್ಯಾಬಿನ ಹಾಟ್ ಏರ್ ಗನ್ನಿನ ಶಾಖಕ್ಕೆ ಪ್ಲಾಸ್ಟಿಕ್ ಕರಗಿಯೇ ಹೋಗುತ್ತದೆ. ಬೇಕಾದದ್ದು ಹೇರ್ ಡ್ರೈಯರ್, ಅದು ಹುಡುಗರ ಹಾಸ್ಟೆಲಿನಲ್ಲಿ ಮೂರನೇ ರೂಮಿನಲ್ಲೇ ಸಿಕ್ಕಿತು. (ಯಾರದು ಅಂತ ಹೇಳಲ್ಲ, ಮಾತು ಕೊಟ್ಟಿದ್ದೇವೆ.) ಒಂದೆರಡು ನಿಮಿಷ ಬಿಸಿ ಮಾಡಿ, ಗಿಟಾರ್ ಪಿಕ್ ತೂರಿಸಿ ಮೆಲ್ಲಗೆ ಎಬ್ಬಿಸಿದರೆ ಮುಚ್ಚಳ ಬಂತು. ಕೆಳಗಡೆ ಒಂದು ಲೋಹದ ಸ್ಪ್ರಿಂಗ್ ಪಟ್ಟಿ ಇದೆ, ಅದರ ಮೂಲೆಗಳನ್ನು ಒಳಕ್ಕೆ ಒತ್ತಿ ತೆಗೆಯಬೇಕು. ಅದರ ಹಿಂದೆಯೇ ಕ್ಲಿಕ್ ವೀಲಿನ ಪುಟ್ಟ ರಿಬ್ಬನ್ ಕನೆಕ್ಟರ್. ಅದನ್ನು ಬಿಡಿಸದೆ ಎಳೆದರೆ ಕಥೆ ಮುಗಿಯಿತು. ಮೇಲ್ಗಡೆ ಹೆಡ್‌ಫೋನ್ ಜಾಕಿನ ಪಕ್ಕ ಎರಡು ಸ್ಕ್ರೂ. ಅವು ಬಂದ ಮೇಲೆ ಕೆಳಗಿನಿಂದ ತಳ್ಳಿದರೆ ಇಡೀ ಬೋರ್ಡು, ಬ್ಯಾಟರಿ, ಡಿಸ್ಕ್ ಸಮೇತ, ಮೇಲಿನಿಂದ ಜಾರಿ ಬರುತ್ತದೆ. ಬೆಂಕಿಪೊಟ್ಟಣದ ಒಳಪೆಟ್ಟಿಗೆ ಬಂದ ಹಾಗೆ.

ನಮಗೆ ನಿಜವಾಗಿ ಖುಷಿಯಾದದ್ದು ಇಲ್ಲಿ. ಒಳಗಿದ್ದದ್ದು ಮೈಕ್ರೋಡ್ರೈವ್: ತಟ್ಟೆಯ ಅಗಲ ಒಂದು ಇಂಚು, ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕದು, ನಿಮಿಷಕ್ಕೆ 3600 ಸುತ್ತು. ಮೇಲೊಂದು ಓದುವ ಹೆಡ್ಡು, ಅದನ್ನು ಆಡಿಸುವ ತೋಳು, ಎಲ್ಲ ಸೇರಿ 5 ಮಿಲಿಮೀಟರ್ ದಪ್ಪ. 1999ರಲ್ಲಿ ಐಬಿಎಂ ಇದನ್ನು ಮೊದಲು ತಂದಾಗ 170 ಮತ್ತು 340 ಎಂಬಿ ಹಿಡಿಯುತ್ತಿತ್ತು. ಆ ವಿಭಾಗ ಹಿಟಾಚಿಗೆ ಹೋದ ಮೇಲೆ 4 ಜಿಬಿಗೆ ಬಂತು. ಮೆಕ್ಯಾನಿಕಲ್‌ನವನು ಅದನ್ನು ಅಂಗೈಯಲ್ಲಿಟ್ಟುಕೊಂಡು "ಎಂತ ಚಂದ ಮಾಡಿದ್ದಾರೆ ಮಾರಾಯ" ಅಂತ ಹತ್ತು ನಿಮಿಷ ಕೂತ.

ಈ ಮೈಕ್ರೋಡ್ರೈವಿನ ಹಲ್ಲುಗಳು ಐಪಾಡಿಗೆ ಅಂತ ಮಾಡಿದ್ದಲ್ಲ. ಅದು ಕ್ಯಾಮೆರಾಗಳಲ್ಲಿ ಹಾಕುತ್ತಿದ್ದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿನ 50 ಪಿನ್ನಿನ ಸಾಕೆಟ್ಟು. ಆ ಕಾಲದಲ್ಲಿ 4 ಜಿಬಿ ಡ್ರೈವ್ ಬಿಡಿಯಾಗಿ ಕೊಳ್ಳೋದಕ್ಕಿಂತ ಕ್ರಿಯೇಟಿವ್ ಕಂಪನಿಯ ಮ್ಯೂವೋ ಪ್ಲೇಯರ್ ಕೊಂಡು ಒಡೆದು ಒಳಗಿನ ಡ್ರೈವ್ ಕ್ಯಾಮೆರಾಗೆ ಹಾಕೋದು ಅಗ್ಗವಾಗಿತ್ತಂತೆ, ಜನ ಹಾಗೆ ಮಾಡಿಯೂ ಮಾಡಿದರು. ಹಾಗಾದರೆ ನಮ್ಮ ಕೆಲಸ ಸುಲಭ: ಒಂದು ಕಾರ್ಡ್ ರೀಡರಿಗೆ ಹಾಕಿದರಾಯಿತು.

ಹಾಕಿದೆವು, ಏನೂ ಕಾಣಿಸಲಿಲ್ಲ. ಡಿಸ್ಕ್ ತಿರುಗುವ ಸದ್ದು ಮಾತ್ರ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಧಾರವಾಡದವನು ಕಾರಣ ಹುಡುಕಿದ. ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡಿಗೆ ಮಾತಾಡಲು ಮೂರು ವಿಧಾನ ಗೊತ್ತಿರಬೇಕು, ಅದರಲ್ಲೊಂದು ಹಳೆಯ ಹಾರ್ಡ್‌ಡಿಸ್ಕಿನ ಐಡಿಇ ಭಾಷೆ. ಪವರ್ ಬರುವಾಗ 9ನೇ ಪಿನ್ ಗ್ರೌಂಡಿಗೆ ಸೇರಿದ್ದರೆ ಕಾರ್ಡು ಐಡಿಇ ಆಗಿ ಏಳುತ್ತದೆ. ಐಪಾಡಿಗೆ ಅಂತ ಮಾಡಿದ ಕೆಲವು ಮೈಕ್ರೋಡ್ರೈವುಗಳಲ್ಲಿ ಬೇರೆ ವಿಧಾನಗಳನ್ನು ತೆಗೆದುಹಾಕಿ ಐಡಿಇ ಒಂದನ್ನೇ ಉಳಿಸಿದ್ದರು. ನಮ್ಮ ರೀಡರ್ ಕನ್ನಡದಲ್ಲಿ ಕೇಳುತ್ತಿದೆ, ಡ್ರೈವಿಗೆ ತುಳು ಮಾತ್ರ ಬರುತ್ತೆ, ಅಷ್ಟೇ ವಿಷಯ. "ಅದು ಸತ್ತಿಲ್ಲೋ, ನಾವು ಸರಿಯಾಗಿ ಕರೀಲಿಲ್ಲ" ಅಂತ ಅವನು ಹೇಳಿದಾಗ ಪುತ್ತೂರಿನವನ ಮುಖ ನೋಡಬೇಕಿತ್ತು.

ಕಾಂಪ್ಯಾಕ್ಟ್‌ಫ್ಲ್ಯಾಶಿನಿಂದ ಐಡಿಇಗೆ ಹೋಗುವ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಕ್ಕಿತು, ಒಂದು ಮಧ್ಯಾಹ್ನ ಪೂರ್ತಿ ಅಂಗಡಿ ಅಂಗಡಿ ಸುತ್ತಿದ ಮೇಲೆ. ಐಡಿಇ ಪೋರ್ಟ್ ಇರುವ ಕಂಪ್ಯೂಟರ್ ನಮ್ಮದೇ ಕಾಲೇಜಿನ ಸ್ಟೋರ್ ರೂಮಿನಲ್ಲಿತ್ತು. ಲ್ಯಾಬ್ ಅಟೆಂಡರ್ ಅಣ್ಣ ಬೀಗ ತೆಗೆದು, "ಧೂಳು ನೀವೇ ಒರೆಸ್ಕೊಳ್ಳಿ" ಅಂತ ಹೇಳಿ ಹೋದರು.

ಈ ಮಧ್ಯೆ ಸಲಹೆಗಳಿಗೇನೂ ಕೊರತೆ ಇರಲಿಲ್ಲ. ಡಿಸ್ಕನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಿ, ಏಳುತ್ತೆ ಅಂದವರು ನಾಲ್ಕು ಜನ. ಜುಲೈ ತಿಂಗಳ ತೇವದಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದರೆ ಅದರ ಮೇಲೆ ನೀರು ಕೂರುತ್ತದೆ, ಹೆಡ್ಡು ಹಾರೋದು ತಟ್ಟೆಯಿಂದ ಕೂದಲೆಳೆಗಿಂತ ಎಷ್ಟೋ ಕಡಿಮೆ ಎತ್ತರದಲ್ಲಿ. ಆ ಐಡಿಯಾ ಕೊಟ್ಟವರಿಗೆ ಐಸ್‌ಕ್ರೀಮ್ ಕೊಡಿಸಿ ಕಳಿಸಿದೆವು.

ನಕಲು ಮಾಡಲು ಬಳಸಿದ್ದು ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಂ. ಇದರ ಬುದ್ಧಿ ಸರಳ, ಆದರೆ ಯಾರಿಗೂ ಮೊದಲು ಹೊಳೆಯುವಂಥದ್ದಲ್ಲ. ಮಾಮೂಲಿ ಕಾಪಿ ಕೆಟ್ಟ ಜಾಗ ಸಿಕ್ಕಿದ ಕಡೆ ಹಠ ಹಿಡಿದು ನಿಲ್ಲುತ್ತದೆ, ಅಷ್ಟರಲ್ಲಿ ಡಿಸ್ಕೇ ಸಾಯುತ್ತದೆ. ಇದು ಹಾಗಲ್ಲ. ಕೆಟ್ಟದ್ದು ಸಿಕ್ಕರೆ ಬಿಟ್ಟು ಮುಂದೆ ಹಾರುತ್ತದೆ. ಒಳ್ಳೆಯದನ್ನೆಲ್ಲ ಮೊದಲು ಬಾಚಿಕೊಂಡು ಆಮೇಲೆ ತಿರುಗಿ ಬಂದು ಕೆಟ್ಟ ಜಾಗದ ಅಂಚುಗಳನ್ನು ಕೆರೆಯುತ್ತದೆ. ಏನು ಬಂತು ಏನು ಬರಲಿಲ್ಲ ಅನ್ನೋದನ್ನು ಒಂದು ಮ್ಯಾಪ್‌ಫೈಲಿನಲ್ಲಿ ಬರೆದಿಡುತ್ತದೆ, ಹಾಗಾಗಿ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಕರೆಂಟ್ ಎರಡು ಸಲ ಹೋಯಿತು.

512 ಬೈಟಿನ ಸುಮಾರು 78 ಲಕ್ಷ ಸೆಕ್ಟರುಗಳು. ಮೊದಲ ಸುತ್ತಿನಲ್ಲಿ ಬಹುಪಾಲು ಬಂದುಬಿಟ್ಟಿತು. ಆಮೇಲಿನ ಸುತ್ತು ಮಾತ್ರ ಮೂರು ದಿನ. ಟಿಕ್ ಟಿಕ್ ಅನ್ನುತ್ತಾ ಒಂದೊಂದೇ ಸೆಕ್ಟರು. ಕ್ಲಾಸಿನ ಮಧ್ಯೆ ಒಬ್ಬೊಬ್ಬರಾಗಿ ಹೋಗಿ ನೋಡಿ ಬರುತ್ತಿದ್ದೆವು, ಐಸಿಯುನಲ್ಲಿ ಯಾರನ್ನೋ ಮಲಗಿಸಿದ ಹಾಗೆ. ನಾಲ್ಕನೇ ದಿನ ಬೆಳಗ್ಗೆ ಸದ್ದು ನಿಂತಿತ್ತು. ಡ್ರೈವ್ ಮತ್ತೆ ಏಳಲಿಲ್ಲ. ಓದದೆ ಉಳಿದದ್ದು 13 ಎಂಬಿ.

"4 ಜಿಬಿಲಿ 13 ಎಂಬಿ! 99.7 ಪರ್ಸೆಂಟ್ ಬಂತಲ್ಲೋ, ಡಿಸ್ಟಿಂಕ್ಷನ್!" ಅಂತ ಮಂಡ್ಯದವನು ಕುಣಿದ. ನಾವೂ ಕುಣಿದೆವು. ಪುತ್ತೂರಿನವನು ಕೇಳಿದ್ದು ಒಂದೇ ಪ್ರಶ್ನೆ: "ಆ 13 ಎಲ್ಲಿಯದ್ದು?"

ಅದನ್ನು ಹುಡುಕಲು ಡಿಡಿರೆಸ್ಕ್ಯೂನಲ್ಲೇ ಒಂದು ಉಪಾಯ ಇದೆ. ಮ್ಯಾಪ್‌ಫೈಲ್ ನೋಡಿಕೊಂಡು ಕೆಟ್ಟ ಸೆಕ್ಟರುಗಳ ಜಾಗದಲ್ಲೆಲ್ಲ ನಾವು ಹೇಳಿದ ಪದ ತುಂಬಿಸುತ್ತದೆ. ನಕಲಿನ ಇನ್ನೊಂದು ನಕಲು ಮಾಡಿ, ಅದರಲ್ಲಿ ಕನ್ನಡದ 'ಇಲ್ಲ' ಅನ್ನೋ ಪದ ತುಂಬಿಸಿದೆವು. ಆಮೇಲೆ ಯಾವ ಫೈಲಿನೊಳಗೆ 'ಇಲ್ಲ' ಇದೆ ಅಂತ ಹುಡುಕಿದರೆ ಸಾಕು. ಐಪಾಡ್ ತನ್ನ ಫೈಲುಗಳನ್ನು ಒಂದು ಅಡಗಿಸಿಟ್ಟ ಫೋಲ್ಡರಿನಲ್ಲಿ ಎಫ್00, ಎಫ್01 ಅಂತ ತನ್ನಿಷ್ಟ ಬಂದ ಹಾಗೆ ಹಂಚಿರುತ್ತದೆ, ಎ ಸೈಡ್ ಒಂದು ಕಡೆ, ಬಿ ಸೈಡ್ ಇನ್ನೊಂದು ಕಡೆ. 'ಇಲ್ಲ' ಸಿಕ್ಕಿದ್ದು ಏಳು ಫೈಲುಗಳಲ್ಲಿ.

ಎಂಪಿ3ಯ ಒಂದು ಒಳ್ಳೆಯ ಗುಣ ಏನೆಂದರೆ ಅದು ಸಣ್ಣ ಸಣ್ಣ ಫ್ರೇಮುಗಳ ಸರ. ನಮ್ಮ ಫೈಲುಗಳಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 26 ಮಿಲಿಸೆಕೆಂಡ್. ನಡುವೆ ಒಂದಿಷ್ಟು ಹೋದರೆ ಪ್ಲೇಯರ್ ಮುಂದಿನ ಫ್ರೇಮಿನ ತಲೆ ಹುಡುಕಿಕೊಂಡು ಅಲ್ಲಿಂದ ಶುರು ಮಾಡುತ್ತದೆ. 128 ಕೆಬಿಪಿಎಸ್ ಲೆಕ್ಕದಲ್ಲಿ ಒಂದು ಸೆಕ್ಟರ್ ಹೋದರೆ 32 ಮಿಲಿಸೆಕೆಂಡ್ ಮಾತು ಹೋಗುತ್ತದೆ. ಒಂದು ಒತ್ತಕ್ಷರ ಹೋದ ಹಾಗೆ, ಕಿವಿಯೇ ತುಂಬಿಕೊಳ್ಳುತ್ತದೆ. ಆರು ಫೈಲುಗಳ ಕಥೆ ಹೆಚ್ಚುಕಡಿಮೆ ಹೀಗೇ, ಅಲ್ಲೊಂದು ಚಿಟಿಕೆ, ಇಲ್ಲೊಂದು ತೊದಲು. ಏಳನೆಯದರಲ್ಲಿ ಒಂದೇ ಕಡೆ 9 ಎಂಬಿ ಖಾಲಿ, ಸುಮಾರು ಒಂಬತ್ತು ನಿಮಿಷ.

ಅದು ವಾಲಿವಧೆ. ಅಜ್ಜನದೇ ವಾಲಿ. ಬಾಣ ಬಿದ್ದ ಮೇಲೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ ಅಂತ ವಾಲಿ ರಾಮನನ್ನು ಕೇಳುವ ಜಾಗ ಇದೆಯಲ್ಲ, ತಾಳಮದ್ದಳೆ ಕೇಳುವವರು ಅದಕ್ಕೇ ಕಾದು ಕೂತಿರುತ್ತಾರೆ. ಅಜ್ಜ ಆ ಪ್ರಶ್ನೆಗೆ ಪೀಠಿಕೆ ಹಾಕುತ್ತಾ, ಸುಗ್ರೀವನ ವಿಷಯ ಮುಗಿಸಿ, ದನಿ ತಗ್ಗಿಸಿ, "ರಾಮಾ" ಅಂತ ಕರೆಯುತ್ತಾರೆ. ಅಲ್ಲಿಗೆ ನಿಲ್ಲುತ್ತದೆ. ಮತ್ತೆ ಶುರುವಾಗುವಾಗ ಭಾಗವತರು ಮುಂದಿನ ಪದ್ಯ ಹಾಡುತ್ತಿರುತ್ತಾರೆ. 99.7 ಅನ್ನೋ ಸಂಖ್ಯೆಯನ್ನು ನಾವು ಆಮೇಲೆ ಹೇಳಲಿಲ್ಲ.

ಇನ್ನೊಂದು ಸಮಸ್ಯೆ ಇತ್ತು. ಇದೇ ಫೈಲಿನಲ್ಲಿ ಅಜ್ಜನ ದನಿ ಹೊತ್ತು ಹೋದಂತೆ ತೆಳ್ಳಗಾಗುತ್ತಿತ್ತು, ಕೊನೆಗೆ ಹೈಸ್ಕೂಲು ಹುಡುಗನ ಥರ. "ನಮ್ಮ ಅಜ್ಜನ ಸ್ವರ ಹೀಗಿರ್ಲಿಲ್ಲ" ಅಂತ ಪುತ್ತೂರಿನವನು ಹೇಳುತ್ತಲೇ ಇದ್ದ. ಕಾರಣ ಊಹಿಸೋದು ಕಷ್ಟವಲ್ಲ. ರೆಕಾರ್ಡ್ ಮಾಡುವಾಗ ಟೇಪ್‌ರೆಕಾರ್ಡರಿನ ಸೆಲ್ಲು ಇಳಿಯುತ್ತಾ ಬಂದಿದೆ, ಟೇಪು ನಿಧಾನವಾಗಿದೆ. ಸರಿಯಾದ ವೇಗದಲ್ಲಿ ಕೇಳಿದಾಗ ಮಾತು ಓಡುತ್ತದೆ. ಆದರೆ ಎಷ್ಟು ನಿಧಾನವಾಗಿತ್ತು ಅಂತ ತಿಳಿಯೋದು ಹೇಗೆ? ಭಾಗವತರ ಶ್ರುತಿ ಕಪ್ಪು ಎರಡೋ ಬಿಳಿ ಐದೋ ಯಾರಿಗೆ ಗೊತ್ತು?

ಉತ್ತರ ರೆಕಾರ್ಡಿಂಗಿನ ಹಿನ್ನೆಲೆಯಲ್ಲೇ ಇತ್ತು: ಮೈಕ್‌ಸೆಟ್ಟಿನ 'ಹೂಂ' ಸದ್ದು. ಆಂಪ್ಲಿಫೈಯರಿನ ಪವರ್ ಸಪ್ಲೈಯಿಂದ ಬರುವ ಗುಂಯ್‌ಗುಡುವಿಕೆ 100 ಹರ್ಟ್ಸ್ ಇರಬೇಕು, ಲೈನಿನ 50ರ ಎರಡರಷ್ಟು. ಚೆಂಡೆ ಇಲ್ಲದ ಮೌನದ ಜಾಗಗಳನ್ನು ಆರಿಸಿ ಎಫ್‌ಎಫ್‌ಟಿ ಹಾಕಿದೆವು. ಶುರುವಿನಲ್ಲಿ 101, ನಡುವೆ 103, ಕೊನೆಗೆ 106. ನೂರಕ್ಕೆ ನೂರಾರು ಅಂದರೆ ಸಂಗೀತದ ಲೆಕ್ಕದಲ್ಲಿ ಸರಿಯಾಗಿ ಒಂದು ಸೆಮಿಟೋನ್, ಹಾರ್ಮೋನಿಯಂನಲ್ಲಿ ಪಕ್ಕದ ಮನೆ. ಆ ಕಾಲದಲ್ಲಿ ಗ್ರಿಡ್ಡಿನ ಆವರ್ತನವೂ 50ಕ್ಕೆ ಕಟ್ಟಾಗಿ ನಿಲ್ಲುತ್ತಿರಲಿಲ್ಲ ಅಂತ ಟ್ರಿಪಲ್ ಇ ಮೇಷ್ಟ್ರು ಎಚ್ಚರಿಸಿದರು, ಹಾಗಾಗಿ ಕರಾರುವಾಕ್ಕು ಅಂತ ಹೇಳಲಾರೆವು. ಆಡಾಸಿಟಿಯಲ್ಲಿ ತುಂಡು ತುಂಡಾಗಿ ವೇಗ ಇಳಿಸಿದೆವು. ಸಿಗ್ನಲ್ಸ್ ಪೇಪರಿನಲ್ಲಿ ಫೂರಿಯೇಗೆ ಮನಸಾರೆ ಬೈದವರು ನಾವೇ. ಸರಿ ಮಾಡಿದ ಫೈಲನ್ನು ಪುತ್ತೂರಿನವನು ಫೋನಿನಲ್ಲಿ ಅಮ್ಮನಿಗೆ ಕೇಳಿಸಿದ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಹಾಂ, ಇದು ಅಪ್ಪನೇ" ಅಂದರು.

ಇನ್ನು ಯಂತ್ರದ ವಿಷಯ, ಅದು ಬೇಗ ಮುಗಿಯಿತು. ಮೈಕ್ರೋಡ್ರೈವಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಹಿಡಿಸುವ ಕಾಂಪ್ಯಾಕ್ಟ್‌ಫ್ಲ್ಯಾಶ್ ಅಡಾಪ್ಟರ್, ಅದರಲ್ಲಿ 64 ಜಿಬಿ ಕಾರ್ಡು. ಈ ಗಾತ್ರದ ಕಾರ್ಡು ಎಕ್ಸ್‌ಫ್ಯಾಟ್ ಆಗಿ ಬರುತ್ತದೆ, ಅದನ್ನು ಫ್ಯಾಟ್32 ಮಾಡಿಕೊಳ್ಳಬೇಕು. ತಿರುಗುವ ಭಾಗ ಒಂದೂ ಇಲ್ಲದ್ದರಿಂದ ಬ್ಯಾಟರಿಗೂ ಹಾಯಿ. ಹೊಸ ಬ್ಯಾಟರಿ ಆನ್‌ಲೈನಿನಲ್ಲಿ ತರಿಸಿದೆವು. ನೀವು ಮಾಡುವುದಾದರೆ ಇಷ್ಟು ನೆನಪಿಡಿ: ಸಿಕ್ಕಿಸುವ ಮೊದಲು ಮಲ್ಟಿಮೀಟರಿನಲ್ಲಿ ಪ್ಲಸ್ ಮೈನಸ್ ನೋಡಿ, ವೈರಿನ ಬಣ್ಣ ನಂಬಬೇಡಿ. ನಮಗೆ ಬಂದ ಮೊದಲನೆಯದರಲ್ಲಿ ಅವು ತಿರುಗುಮುರುಗಾಗಿದ್ದವು, ವಾಪಸು ಕಳಿಸಿದೆವು. ಹಳೆಯದು ಉಬ್ಬಿದ್ದರೆ ಚೂಪಾದ್ದರಿಂದ ಮೀಟಬೇಡಿ. ಲಿಥಿಯಂ ಜೊತೆ ತಮಾಷೆ ಬೇಡ.

ಆ್ಯಪಲ್‌ನ ಸಾಫ್ಟ್‌ವೇರ್ ಜೊತೆಗೆ ರಾಕ್‌ಬಾಕ್ಸ್ ಕೂಡ ಹಾಕಿದೆವು. 2001ರಲ್ಲಿ ಸ್ವೀಡನ್ನಿನ ಕೆಲವರು ಆರ್ಕೋಸ್ ಪ್ಲೇಯರಿನ ಸಾಫ್ಟ್‌ವೇರ್ ಸರಿಯಿಲ್ಲ ಅಂತ ಬೇಸತ್ತು ತಾವೇ ಬರೆದುಕೊಂಡದ್ದು. ಅವರಲ್ಲೊಬ್ಬರು ಡೇನಿಯಲ್ ಸ್ಟೆನ್‌ಬರ್ಗ್, ಸಿಎಸ್‌ನವರು ದಿನಾ ಟರ್ಮಿನಲ್ಲಿನಲ್ಲಿ ಹೊಡೆಯುವ 'ಕರ್ಲ್' ಬರೆದವರು. ಅದರಲ್ಲಿ ಬುಕ್‌ಮಾರ್ಕ್ ಇದೆ, ಎರಡು ಗಂಟೆಯ ಪ್ರಸಂಗವನ್ನು ನಿಲ್ಲಿಸಿದಲ್ಲಿಂದ ಕೇಳಬಹುದು. ಕನ್ನಡದಲ್ಲಿ ಹೆಸರು ಕೊಡೋಣ ಅಂತ ಯೂನಿಫಾಂಟ್ ಹಾಕಿ ನೋಡಿದರೆ ಅಕ್ಷರ ಬಂತು, ಒತ್ತು ಗುಣಿತ ಮಾತ್ರ ಸೇರಲಿಲ್ಲ. 'ಕೃಷ್ಣ ಸಂಧಾನ' ಅಕ್ಷರ, ಒತ್ತು, ಸೊನ್ನೆ ಎಲ್ಲ ಬಿಡಿಬಿಡಿಯಾಗಿ ರಸ್ತೆ ದಾಟುತ್ತಿರುವ ಮಕ್ಕಳ ಹಾಗೆ ನಿಂತಿತು. ಓದೋಕೆ ಆಗುತ್ತೆ, ಆದರೆ ನೋಡೋಕೆ ಆಗಲ್ಲ. ರಾಕ್‌ಬಾಕ್ಸಿನ ಮೂಲ ಕೋಡ್ ತೆರೆದೇ ಇದೆ. ಸಿಎಸ್‌ನ ಯಾರಿಗಾದರೂ ಮಿನಿ ಪ್ರಾಜೆಕ್ಟಿಗೆ ವಿಷಯ ಸಿಗದೆ ಒದ್ದಾಡುತ್ತಿದ್ದರೆ ಇದನ್ನು ತೆಗೆದುಕೊಳ್ಳಿ, ಇನ್ನೊಂದು ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್ ಬೇಡ.

ಇಪ್ಪತ್ತು ವರ್ಷ ಹಳೆಯ ಈ ಪೆಟ್ಟಿಗೆಯನ್ನು ಬಿಚ್ಚಲು ಸಾಧ್ಯವಾದದ್ದು ಅದರಲ್ಲಿ ಸ್ಕ್ರೂ ಇದ್ದದ್ದಕ್ಕೆ, ಒಳಗೆ ಯಾರೋ ಮೊದಲೇ ಒಪ್ಪಿಕೊಂಡ ಸಾಕೆಟ್ಟು ಇದ್ದದ್ದಕ್ಕೆ. ಈಗ ನಮ್ಮ ಕಿವಿಯಲ್ಲಿರುವ ಇಯರ್‌ಬಡ್ಡಿನ ಬ್ಯಾಟರಿ ಸತ್ತರೆ ಅದನ್ನು ಕಸಕ್ಕೆ ಹಾಕುತ್ತೇವೆ. ಫೋನಿನ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ. ಇದೇ ಅಜ್ಜನ ದನಿ ಇವತ್ತಿನ ಫೋನಿನಲ್ಲಿದ್ದು ಆ ಫೋನ್ ಸತ್ತಿದ್ದರೆ ಹೇರ್ ಡ್ರೈಯರ್ ಹಿಡಿದುಕೊಂಡು ನಾವು ಏನು ಮಾಡುತ್ತಿದ್ದೆವೋ ಗೊತ್ತಿಲ್ಲ.

ದಸರಾ ರಜೆಗೆ ಪುತ್ತೂರಿನವನು ಊರಿಗೆ ಹೋದಾಗ ಅಟ್ಟದ ಮೇಲೆ ಆ ತಗಡಿನ ಡಬ್ಬಿ ಸಿಕ್ಕಿದೆ. ಹೆಚ್ಚಿನವು ಗಂಟುಗಟ್ಟಿ ಹೋಗಿವೆ. ಒಂದರ ಮೇಲೆ ಅಜ್ಜನ ಕೈಬರಹದಲ್ಲಿ 'ವಾಲಿ' ಅಂತಿದೆ. ಟೇಪಿನ ಅಂಚಿಗೆ ಬಿಳಿ ಬೂಸಲು ಕೂತಿದೆ, ಆದರೆ ಪೆನ್ಸಿಲ್ ತೂರಿಸಿ ತಿರುಗಿಸಿದರೆ ಮೆಲ್ಲಗೆ ತಿರುಗುತ್ತದೆ. ಐದು ಸ್ಕ್ರೂ ಬಿಚ್ಚಿ ಸುರುಳಿಯನ್ನು ಹೊಸ ಚಿಪ್ಪಿಗೆ ವರ್ಗಾಯಿಸಿ, ಒಣ ಬಟ್ಟೆಯ ಮೇಲೆ ನಿಧಾನವಾಗಿ ಓಡಿಸಿ ಬೂಸಲು ತೆಗೆಯಬೇಕು. ಆಮೇಲೆ ಬಹುಶಃ ಒಂದೇ ಸಲ ಓಡಿಸಲು ಆಗಬಹುದು, ಅಷ್ಟರಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಅದಕ್ಕೆ ಟೇಪನ್ನು ತಿನ್ನದ ಒಂದು ಒಳ್ಳೆಯ ಕ್ಯಾಸೆಟ್ ಡೆಕ್ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ, ಶೋಕೇಸಿನಲ್ಲಿ ಎಲ್ಲಾದರೂ ಇದ್ದರೆ ಸಿ ಬ್ಲಾಕಿಗೆ ಬಂದು ಹೇಳಿ. ಬೆಲ್ಟ್ ಹೋಗಿದ್ದರೂ ಪರವಾಗಿಲ್ಲ, ಅದನ್ನು ನಾವೇ ಹಾಕ್ಕೋತೀವಿ.